ಕ್ಯೂಸೆಕ್, ಟಿಎಂಸಿ ಮತ್ತು ಮನೆಯ ಮೀಟರು

ಮಳೆಗಾಲ ಶುರುವಾಯಿತೆಂದರೆ ಶಿವಮೊಗ್ಗ ಜಿಲ್ಲೆಯಲ್ಲಿ ಬೆಳಗಿನ ಪೇಪರು ಬಿಡಿಸಿದವರ ಕಣ್ಣು ಮೊದಲು ಹೋಗುವುದು ಡ್ಯಾಮುಗಳ ಪಟ್ಟಿಗೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಭದ್ರೆಯದು 186 ಅಡಿ. ಇವತ್ತು ಎಷ್ಟಾಗಿದೆ, ಒಳಹರಿವು ಎಷ್ಟು ಕ್ಯೂಸೆಕ್, ಸಂಗ್ರಹ ಎಷ್ಟು ಟಿಎಂಸಿ. ಹೋಟೆಲಿನ ಬೆಂಚಿನ ಮೇಲೆ ಚಾ ಕುಡಿಯುತ್ತ ಕೂತವರೂ ಈ ಲೆಕ್ಕವನ್ನು ತಪ್ಪಿಲ್ಲದೆ ಆಡುತ್ತಾರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಅದು ಹರಿವಿನ ರಭಸ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅದು ಕೂಡಿಬಿದ್ದ ನೀರು. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ ಆಗುತ್ತದೆ. "ಡ್ಯಾಮಲ್ಲಿ ನಲವತ್ತು ಸಾವಿರ ಕ್ಯೂಸೆಕ್ ನೀರಿದೆ" ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಪಕ್ಕದವರು ಕೂಡಲೇ ತಿದ್ದುತ್ತಾರೆ.

ಅದೇ ಬೆಂಚಿನ ಮೇಲೆ "ಈ ತಿಂಗಳು ನಮ್ಮನೇಲಿ ನೂರು ಕಿಲೋವ್ಯಾಟ್ ಉರಿದಿದೆ" ಎಂದರೆ ತಿದ್ದುವವರಿಲ್ಲ. ಎರಡೂ ಒಂದೇ ಜಾತಿಯ ತಪ್ಪು. ಕಿಲೋವ್ಯಾಟ್ ಎಂಬುದು ವಿದ್ಯುತ್ತಿನ ಕ್ಯೂಸೆಕ್, ಯೂನಿಟ್ ಎಂಬುದು ವಿದ್ಯುತ್ತಿನ ಟಿಎಂಸಿ. ಒಂದು ಕಿಲೋವ್ಯಾಟ್ ರಭಸದಲ್ಲಿ ಒಂದು ಗಂಟೆ ವಿದ್ಯುತ್ ಹರಿದರೆ ಒಂದು ಕಿಲೋವ್ಯಾಟ್ ಅವರ್, ಅದೇ ಬಿಲ್ಲಿನ ಒಂದು ಯೂನಿಟ್. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಬಿಸಿಯಾಗುತ್ತಲೇ ಒಂದು ಗಂಟೆ ಇದ್ದರೂ ಒಂದು ಯೂನಿಟ್, ಹತ್ತು ವ್ಯಾಟಿನ ಬಲ್ಬು ನೂರು ಗಂಟೆ ಉರಿದರೂ ಒಂದು ಯೂನಿಟ್. ನೀರಿನಲ್ಲಿ ಇಷ್ಟು ಸಲೀಸಾಗಿ ಗೊತ್ತಿರುವ ಭೇದ ವಿದ್ಯುತ್ತಿಗೆ ಬಂದಾಗ ಯಾಕೆ ಕಲಸಿಹೋಗುತ್ತದೆ?

ಒಂದು ಕಾರಣ ನಮ್ಮ ಪದಗಳಲ್ಲೇ ಇದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಶಕ್ತಿಯನ್ನು ಜೌಲ್‌ನಲ್ಲಿ ಅಳೆಯುತ್ತೇವೆ. ಆ ಶಕ್ತಿ ಎಷ್ಟು ಬೇಗ ಖರ್ಚಾಗುತ್ತಿದೆ ಎಂಬುದು ಸಾಮರ್ಥ್ಯ, ಅದಕ್ಕೆ ವ್ಯಾಟ್. ಸೆಕೆಂಡಿಗೆ ಒಂದು ಜೌಲ್ ಆದರೆ ಒಂದು ವ್ಯಾಟ್. ಆದರೆ ಪಂಪಿನ ಮೇಲೆ ಬರೆದ ಹಾರ್ಸ್ ಪವರನ್ನು ಕನ್ನಡಕ್ಕೆ ತಂದಾಗ ಅದು ಅಶ್ವಶಕ್ತಿಯಾಯಿತು. ನಿಜಕ್ಕೂ ಅದು ಶಕ್ತಿಯಲ್ಲ, ಸಾಮರ್ಥ್ಯ: ಒಂದು ಎಚ್‌ಪಿ ಎಂದರೆ 746 ವ್ಯಾಟ್. ಇನ್ನು ಆಡುಮಾತಿನಲ್ಲಿ ಎಲ್ಲಕ್ಕೂ 'ಕರೆಂಟು' ಒಂದೇ. ಕರೆಂಟು ಹೋಯಿತು, ಕರೆಂಟು ಕಮ್ಮಿ ಇದೆ, ಕರೆಂಟ್ ಬಿಲ್ಲು ಬಂತು. ಮೊದಲನೆಯದು ಪೂರೈಕೆ, ಎರಡನೆಯದು ವೋಲ್ಟೇಜು, ಮೂರನೆಯದು ಯೂನಿಟ್ಟು. ಆಂಪಿಯರ್‌ನಲ್ಲಿ ಅಳೆಯುವ ನಿಜವಾದ ಕರೆಂಟು ಈ ಮೂರರಲ್ಲಿ ಯಾವುದೂ ಅಲ್ಲ. ಆಡುಮಾತನ್ನು ಬದಲಿಸಬೇಕಾಗಿಲ್ಲ. ಕೈಯಲ್ಲಿ ಬಿಲ್ಲೋ ಮೋಟಾರೋ ಇದ್ದಾಗ ಯಾವುದರ ಮಾತು ನಡೆಯುತ್ತಿದೆ ಎಂದು ಮನಸ್ಸಿನಲ್ಲಿ ಬಿಡಿಸಿಕೊಂಡರೆ ಸಾಕು.

ಬಿಡಿಸಿಕೊಳ್ಳಲು ಅತ್ಯುತ್ತಮ ಉಪಕರಣ ಈಗಾಗಲೇ ಮನೆಯ ಜಗಲಿಯ ಗೋಡೆಯ ಮೇಲಿದೆ. ಹಳೆಯ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆಯೊಂದು ಅಡ್ಡಲಾಗಿ ತಿರುಗುತ್ತಿತ್ತು. ಒಂದು ಸುರುಳಿ ವೋಲ್ಟೇಜಿಗೆ, ಇನ್ನೊಂದು ಕರೆಂಟಿಗೆ, ತಟ್ಟೆಯನ್ನು ಹಿಡಿದು ನಿಧಾನಿಸಲು ಒಂದು ಅಯಸ್ಕಾಂತ. ಇದರಿಂದ ತಟ್ಟೆಯ ವೇಗ ಆ ಕ್ಷಣದ ವ್ಯಾಟಿಗೆ ತಕ್ಕಂತೆ ಇರುತ್ತಿತ್ತು, ಸುತ್ತಿದ ಸುತ್ತುಗಳ ಮೊತ್ತ ಯೂನಿಟ್ ಆಗುತ್ತಿತ್ತು. ಸಾಮರ್ಥ್ಯ ಮತ್ತು ಶಕ್ತಿಯ ನಂಟನ್ನು ಇಷ್ಟು ಚೆನ್ನಾಗಿ ಕಣ್ಣಿಗೆ ಕಾಣಿಸುವ ಯಂತ್ರ ಮತ್ತೊಂದಿಲ್ಲ. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆಯ ಜಾಗದಲ್ಲಿ ಒಂದು ಸಣ್ಣ ಕೆಂಪು ದೀಪವಿದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಇಂಪಲ್ಸ್, ಅಂದರೆ ಎಷ್ಟು ಮಿಣುಕು, ಎಂಬ ಸಂಖ್ಯೆ ಇರುತ್ತದೆ. ಬಹಳ ಕಡೆ 3200; 1600, 6400 ಇರುವವೂ ಇವೆ. ನಿಮ್ಮ ಮೀಟರಿನದನ್ನು ಓದಿಕೊಂಡೇ ಲೆಕ್ಕ ಮಾಡಬೇಕು, ಇಲ್ಲದಿದ್ದರೆ ಉತ್ತರ ಎರಡು ಪಟ್ಟೋ ಅರ್ಧವೋ ಆಗಿಬಿಡುತ್ತದೆ.

3200 ಇದ್ದರೆ ಒಂದು ಮಿಣುಕಿಗೆ 1125 ಜೌಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್, ಅದನ್ನು 3200ರಿಂದ ಭಾಗಿಸಿದರೆ ಸಿಗುವುದು ಇದೇ. ಹಾಗಾಗಿ 1125ನ್ನು ಮಿಣುಕುಗಳ ಸಂಖ್ಯೆಯಿಂದ ಗುಣಿಸಿ, ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್. ಮನೆಯಲ್ಲಿ ಎಲ್ಲವನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಇನ್ವರ್ಟರಿನ ಚಾರ್ಜಿಂಗ್ ಬಂದ್ ಮಾಡಿ, ಮಿಕ್ಸಿಯೋ ಪಂಪೋ ಯಾವುದನ್ನು ಅಳೆಯಬೇಕೋ ಅದೊಂದನ್ನೇ ಹಾಕಿ. ಒಂದು ಮಿಣುಕು ಕಂಡ ತಕ್ಷಣ ಗಡಿಯಾರ ಶುರು ಮಾಡಿ, ಅದನ್ನು ಸೊನ್ನೆ ಎಂದು ಎಣಿಸಿ. ಇದೇ ಮುಖ್ಯ, ಮೊದಲನೆಯದನ್ನು 'ಒಂದು' ಎಂದು ಎಣಿಸಿದವರ ಲೆಕ್ಕ ಹತ್ತರಲ್ಲಿ ಒಂದರಷ್ಟು ತಪ್ಪುತ್ತದೆ. ಹತ್ತನೆಯ ಮಿಣುಕಿಗೆ 45 ಸೆಕೆಂಡು ಆಗಿದ್ದರೆ 250 ವ್ಯಾಟ್. ಗೀಸರಿನಂಥ ದೊಡ್ಡ ಲೋಡಿಗೆ ಸೆಕೆಂಡಿಗೆ ಎರಡು ಮಿಣುಕು ಬರುವುದರಿಂದ ಕಣ್ಣು ಸೋಲುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಆಮೇಲೆ ನಿಧಾನವಾಗಿ ಓಡಿಸಿ ಎಣಿಸಬಹುದು. ಫ್ರಿಜ್ಜನ್ನು ಹೀಗೆ ಐದು ನಿಮಿಷ ಅಳೆದು ತೀರ್ಮಾನಕ್ಕೆ ಬರಬಾರದು, ಕಂಪ್ರೆಸರ್ ಒಮ್ಮೆ ಓಡುತ್ತದೆ ಒಮ್ಮೆ ನಿಲ್ಲುತ್ತದೆ. ಅದಕ್ಕೆ ಒಂದು ಪೂರ್ತಿ ದಿನದ ಯೂನಿಟ್ಟೇ ಬೇಕು. ಫ್ರಿಜ್ಜಿನ ಸ್ಟಾರ್ ಲೇಬಲಿನ ಮೇಲೂ ವ್ಯಾಟ್ ಬದಲು ವರ್ಷಕ್ಕೆ ಇಷ್ಟು ಯೂನಿಟ್ ಎಂದೇ ಬರೆದಿರುವುದು ಇದಕ್ಕಾಗಿ.

ಅಳೆಯುವ ಮೊದಲು, ಎಲ್ಲವನ್ನೂ ಆರಿಸಿದ ಸ್ಥಿತಿಯಲ್ಲಿ ಐದು ನಿಮಿಷ ಮೀಟರನ್ನೇ ನೋಡುತ್ತ ನಿಲ್ಲಿ. ದೀಪ ಮಿಣುಕಬಾರದು. (ಕೆಲವು ಮೀಟರುಗಳಲ್ಲಿ ಲೋಡ್ ಇಲ್ಲದಾಗ ಅದು ಒಂದೇ ಸಮ ಉರಿಯುತ್ತಿರುತ್ತದೆ, ಅದು ತೊಂದರೆಯಲ್ಲ.) ಎರಡು ನಿಮಿಷಕ್ಕೆ ಒಂದು ಮಿಣುಕು ಬಂದರೂ ಎಲ್ಲೋ ಸುಮಾರು 9 ವ್ಯಾಟ್ ಹೋಗುತ್ತಿದೆ ಎಂದರ್ಥ, ತಿಂಗಳಿಗೆ ಆರೇಳು ಯೂನಿಟ್. ಮೊದಲು ಟಿವಿ, ಸೆಟ್‌ಟಾಪ್ ಬಾಕ್ಸ್, ಚಾರ್ಜರುಗಳ ಪ್ಲಗ್ ಕೀಳಿ. ಆಮೇಲೂ ಮಿಣುಕಿದರೆ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ಹೋಗಿ, ಯಾವುದನ್ನು ಇಳಿಸಿದಾಗ ನಿಂತಿತೋ ಆ ಸಾಲಿನಲ್ಲಿ ಸೋರಿಕೆ ಇದೆ. ಮಲೆನಾಡಿನಲ್ಲಿ ಜುಲೈ ಆಗಸ್ಟಿನಲ್ಲಿ ಗೋಡೆ ನೀರು ಕುಡಿದು, ಕೊಟ್ಟಿಗೆಯ ವೈರಿನ ಜಾಯಿಂಟು, ಬಚ್ಚಲುಮನೆಯ ಸ್ವಿಚ್ ಬೋರ್ಡು ತೇವವಾಗಿ ಆಗುವುದು ಇದೇ. ಆರೇಳು ಯೂನಿಟ್ಟಿನ ದುಡ್ಡು ದೊಡ್ಡದಲ್ಲ. ಆದರೆ 230 ವೋಲ್ಟಿನಲ್ಲಿ 9 ವ್ಯಾಟ್ ಎಂದರೆ ಸುಮಾರು 40 ಮಿಲಿ ಆಂಪಿಯರ್. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು, ಮನೆಗೆ ಹಾಕುವ ಆರ್‌ಸಿಸಿಬಿ, 30 ಮಿಲಿ ಆಂಪಿಯರಿಗೇ ಬಿದ್ದುಕೊಳ್ಳುವಂತೆ ಮಾಡಿರುವುದು ಅದಕ್ಕಿಂತ ಹೆಚ್ಚು ಮನುಷ್ಯನ ಮೈಯಲ್ಲಿ ಹರಿದರೆ ಪ್ರಾಣಕ್ಕೇ ಅಪಾಯ ಎಂದು. ದೀಪ ಮಿಣುಕುತ್ತಿದ್ದೂ ಆರ್‌ಸಿಸಿಬಿ ಬೀಳುತ್ತಿಲ್ಲವಾದರೆ, ಅಥವಾ ಮನೆಯಲ್ಲಿ ಅದೇ ಇಲ್ಲವಾದರೆ, ಆ ವಾರವೇ ಎಲೆಕ್ಟ್ರಿಷಿಯನ್ ಬರಬೇಕು. ದನ ಕಟ್ಟುವ ಜಾಗವಾದರೆ ಆ ದಿನವೇ.

ಯೂನಿಟ್ ಎಂಬುದು ಎಷ್ಟು ದೊಡ್ಡ ಮೊತ್ತ ಎಂದು ನಮಗೆ ಅಂದಾಜೇ ಇರುವುದಿಲ್ಲ, ಏಕೆಂದರೆ ಅದು ಕೆಲವೇ ರೂಪಾಯಿಗೆ ಬರುತ್ತದೆ. ಅಡಿಕೆ ತೋಟಕ್ಕೆ ಹೋಗಿ ನೋಡೋಣ. ಅಡಿಕೆ ಕೊನೆ ಇಳಿಸುವ, ಅರವತ್ತು ಕೆಜಿ ತೂಕದ ಕೊನೆಗೌಡ ಹದಿನೈದು ಮೀಟರ್ ಎತ್ತರದ ಮರ ಹತ್ತಿದರೆ ಮೈಯನ್ನು ಮೇಲಕ್ಕೆತ್ತಿದ ಕೆಲಸ ಸುಮಾರು 8,800 ಜೌಲ್. ಮೀಟರಿನ ಲೆಕ್ಕದಲ್ಲಿ ಎಂಟು ಮಿಣುಕು. ಅರ್ಧ ನಿಮಿಷದಲ್ಲಿ ಹತ್ತಿದ್ದರೆ ಆ ಅರ್ಧ ನಿಮಿಷ ಅವರ ಸಾಮರ್ಥ್ಯ ಸುಮಾರು 295 ವ್ಯಾಟ್, 0.4 ಎಚ್‌ಪಿ. ಒಂದು ಮರದಿಂದ ಇನ್ನೊಂದಕ್ಕೆ ದಾಟದೆ, ಪ್ರತಿ ಮರವನ್ನೂ ಬುಡದಿಂದಲೇ ಹತ್ತುತ್ತ ಐವತ್ತು ಮರ ಮುಗಿಸಿದರೂ 0.12 ಯೂನಿಟ್. ಮೈ ಒಳಗೆ ಸುಟ್ಟದ್ದು ಇದರ ನಾಲ್ಕೈದು ಪಟ್ಟು, ಏಕೆಂದರೆ ಸ್ನಾಯುಗಳು ಉಂಡದ್ದರಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸಲಾರವು. ಒಬ್ಬ ಮನುಷ್ಯ ದಿನಕ್ಕೆ ತಿನ್ನುವ 2000 ಕಿಲೋ ಕ್ಯಾಲರಿಯನ್ನು ಯೂನಿಟ್ಟಿಗೆ ತಂದರೆ 2.3 ಯೂನಿಟ್. ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ನಾವೆಲ್ಲ ಹೆಚ್ಚುಕಮ್ಮಿ ನೂರು ವ್ಯಾಟಿನ ಹಳೆಯ ಬಲ್ಬುಗಳು.

ಶಾಖದ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ. ಹದಿನೈದು ಲೀಟರಿನ ಗೀಸರಿನಲ್ಲಿ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಬೇಕಾಗುವುದು 25 ಲಕ್ಷ ಜೌಲ್, ಅಂದರೆ 0.7 ಯೂನಿಟ್. ಎರಡು ಕಿಲೋವ್ಯಾಟಿನ ಕಾಯಿಲ್ ಇದ್ದರೆ 21 ನಿಮಿಷ. ಈಗ ಜೋಗಕ್ಕೆ ಹೋಗಿ ನಿಲ್ಲಿ. ಮನೆಯ ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿನಷ್ಟು ನೀರು 253 ಮೀಟರ್ ಎತ್ತರದಿಂದ ಕೆಳಗೆ ಬಿತ್ತು ಎಂದುಕೊಳ್ಳಿ. ಒಂದು ಟನ್ ನೀರು, ಅಷ್ಟು ಎತ್ತರ. ಗುಣಿಸಿದರೆ 24.8 ಲಕ್ಷ ಜೌಲ್, 0.69 ಯೂನಿಟ್. ರಾಜಾ ಧಾರೆಯ ಎತ್ತರದಿಂದ ಬಿದ್ದ ಒಂದು ಟ್ಯಾಂಕ್ ನೀರಿನ ಶಕ್ತಿಯಷ್ಟನ್ನೂ ಒಂದು ಹನಿ ಪೋಲಾಗದಂತೆ ಹಿಡಿದರೂ ಅದು ಒಂದು ಗೀಸರ್ ನೀರಿಗೆ ಸಾಲುವುದಿಲ್ಲ, ಕೂದಲೆಳೆಯಷ್ಟು ಕಮ್ಮಿ ಬೀಳುತ್ತದೆ. ಬಿದ್ದ ನೀರು ಆ ಶಕ್ತಿಯಿಂದ ತಾನೇ ಬಿಸಿಯಾದರೂ ಏರುವುದು 0.6 ಡಿಗ್ರಿ ಮಾತ್ರ. ಯಾರ ಹೆಸರನ್ನು ಶಕ್ತಿಯ ಮಾನಕ್ಕೆ ಇಟ್ಟಿದ್ದಾರೋ ಆ ಜೇಮ್ಸ್ ಜೌಲ್ 1845ರಲ್ಲಿ ನಯಾಗರಕ್ಕೆ ಇದೇ ಲೆಕ್ಕ ಹಾಕಿದ್ದ: 160 ಅಡಿ ಬಿದ್ದ ನೀರು ಫ್ಯಾರನ್‌ಹೀಟಿನ ಐದನೇ ಒಂದು ಡಿಗ್ರಿಯಷ್ಟು ಬೆಚ್ಚಗಾಗಬೇಕು ಎಂದು. ಅದನ್ನೇ ಜೋಗಕ್ಕೆ ಹೊಂದಿಸಿದರೆ ನಮ್ಮ ಅಂಕಿ ಬರುತ್ತದೆ.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್, 103.5 ಮೆಗಾವ್ಯಾಟಿನ ಹತ್ತು ಯಂತ್ರಗಳು. ಎಲ್ಲವೂ ಪೂರ್ಣವಾಗಿ ಓಡಿದರೆ ಗಂಟೆಗೆ 10.35 ಲಕ್ಷ ಯೂನಿಟ್. ಬಿರುಬೇಸಿಗೆಯಲ್ಲಿ ಡ್ಯಾಮು ಬರಿದಾದಾಗಲೂ ಸಾಮರ್ಥ್ಯ ಅದೇ 1035; ಇಳಿಯುವುದು ಯೂನಿಟ್ಟು. 'ವರ್ಷಕ್ಕೆ ಇಷ್ಟು ಮೆಗಾವ್ಯಾಟ್ ಉತ್ಪಾದನೆ' ಎಂಬ ತಲೆಬರಹ ಕಂಡಾಗ ಬರೆದವರು ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಈ ನದಿಯ ನೀರಿಗಾಗಿ ಮನೆ, ತೋಟ, ಗದ್ದೆ ಬಿಟ್ಟು ಎದ್ದುಹೋದ ಕುಟುಂಬಗಳು ಈ ಜಿಲ್ಲೆಯ ಊರೂರಲ್ಲಿ ಇವೆ. ಆ ನೀರಿನಿಂದ ಏನು ಬಂತು ಎಂಬ ಅಂಕಿಯನ್ನಾದರೂ ಸರಿಯಾದ ಮಾನದಲ್ಲಿ ಬರೆಯುವುದು ಅವರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ.

ಬಚ್ಚಲೊಲೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ನಲವತ್ತು ಲೀಟರಿನ ಹಂಡೆಯ ನೀರನ್ನು 30 ಡಿಗ್ರಿ ಏರಿಸಲು 1.4 ಯೂನಿಟ್ ಶಾಖ ಬೇಕು. ಒಣ ಸೌದೆಯಲ್ಲಿ ಕೆಜಿಗೆ ಸುಮಾರು 4 ಯೂನಿಟ್ ಶಾಖವಿದೆ, ಆದರೆ ತೆರೆದ ಒಲೆಯಲ್ಲಿ ಏಳನೇ ಒಂದು ಭಾಗ ನೀರಿಗೆ ಸೇರಿದರೆ ಹೆಚ್ಚು. ಹಾಗಾಗಿ ಎರಡೂವರೆ ಕೆಜಿ ಸೌದೆ. ಮಳೆಗಾಲದ ಹಸಿ ಸೌದೆಯಾದರೆ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಒಂದಿಷ್ಟು ಶಾಖ ಹೋಗುತ್ತದೆ, ಉಳಿದದ್ದು ಹೊಗೆ.

ಈಗ 'ಕರೆಂಟು ಕಮ್ಮಿ'ಯ ಮಾತು. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಒಂಟಿ ಮನೆಗಳಿಗೆ ಉದ್ದನೆಯ ತಂತಿಯಲ್ಲಿ ಬರುವಷ್ಟರಲ್ಲಿ ಸಂಜೆ ಹೊತ್ತು 230 ವೋಲ್ಟ್ ಇರಬೇಕಾದದ್ದು 180ಕ್ಕೆ ಇಳಿಯುವುದುಂಟು. ಗೀಸರಿನ ಕಾಯಿಲಿನಲ್ಲಿ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ; 2 ಕಿಲೋವ್ಯಾಟಿನದು 1.2ಕ್ಕೆ ಬಂದು, 21 ನಿಮಿಷದ ನೀರಿಗೆ 34 ನಿಮಿಷ ಹಿಡಿಯುತ್ತದೆ. ಯೂನಿಟ್ ಮಾತ್ರ ಅದೇ 0.7, ಟ್ಯಾಂಕಿನಿಂದ ಶಾಖ ಸೋರಿದ್ದು ತುಸು ಸೇರಬಹುದು ಅಷ್ಟೇ. ಕಮ್ಮಿ ವೋಲ್ಟೇಜಿನಲ್ಲಿ ಗೀಸರಿನ ಬಿಲ್ಲು ಉಳಿಯುತ್ತದೆ ಎಂಬುದೂ ಸುಳ್ಳು, ಏರುತ್ತದೆ ಎಂಬುದೂ ಸುಳ್ಳು. ಮೋಟಾರಿನ ಕಥೆ ಪೂರಾ ಬೇರೆ. ಅದರ ಮೇಲೆ ನೀರಿನ ಭಾರ ಹಾಗೇ ಕೂತಿದೆ. ವೋಲ್ಟೇಜು ಇಳಿದರೆ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆಯುತ್ತದೆ. ತಂತಿ ಬಿಸಿಯಾಗುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ, ಹಾಗಾಗಿ ಕರೆಂಟು ಶೇಕಡಾ 20 ಏರಿದರೆ ಬಿಸಿ ಶೇಕಡಾ 44 ಏರುತ್ತದೆ. ಬೇಸಿಗೆಯಲ್ಲಿ ಪಂಪಿನ ವೈಂಡಿಂಗ್ ಸುಡುವುದಕ್ಕೆ ದೊಡ್ಡ ಕಾರಣ ಇದು. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ನಾಮಫಲಕದ ಆಂಪಿಯರಿಗೆ ಇಡಬೇಕು. ಪದೇ ಪದೇ ಬೀಳುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸಿ ಇಡುವುದು ವೈಂಡಿಂಗ್ ಖರ್ಚಿಗೆ ಮುಂಗಡ ಕೊಟ್ಟಂತೆ.

ಪಂಪಿನ ಮೇಲಿನ 5 ಎಚ್‌ಪಿ ಎಂಬುದು ಶಾಫ್ಟಿನಲ್ಲಿ ಸಿಗುವ ಸಾಮರ್ಥ್ಯ, 3.73 ಕಿಲೋವ್ಯಾಟ್. ಲೈನಿನಿಂದ ಎಳೆಯುವುದು ಸುಮಾರು 4.6. ಪಂಪು ಶಾಫ್ಟಿನ 3.73ರಲ್ಲಿ ಅರ್ಧವನ್ನು ನೀರಿಗೆ ಕೊಟ್ಟರೆ, ಪೈಪಿನ ತಿಕ್ಕಾಟವೂ ಸೇರಿ 40 ಮೀಟರ್ ಎತ್ತರಕ್ಕೆ ಸೆಕೆಂಡಿಗೆ 4.75 ಲೀಟರ್ ಬರಬೇಕು. ಆರು ಗಂಟೆ ತ್ರೀ ಫೇಸ್ ಇದ್ದರೆ ಒಂದು ಲಕ್ಷ ಲೀಟರಿಗೆ ತುಸು ಹೆಚ್ಚು ನೀರು, 27.6 ಯೂನಿಟ್. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಬಿಲ್ಲು ಬರುವುದಿಲ್ಲವೆಂದು ಈ ಲೆಕ್ಕ ಯಾರೂ ಮಾಡುವುದಿಲ್ಲ. ಮಾಡಬೇಕು. ತುದಿಯಲ್ಲಿ ಡ್ರಮ್ಮಿಟ್ಟು ಅಳೆದಾಗ ಸೆಕೆಂಡಿಗೆ ಮೂರೇ ಲೀಟರ್ ಬಂದರೆ ಇಂಪೆಲ್ಲರ್ ಸವೆದಿದೆ, ಇಲ್ಲವೇ ಫುಟ್‌ವಾಲ್ವಿಗೆ ಕಸ ಕಟ್ಟಿದೆ, ಇಲ್ಲವೇ ಪೈಪು ಸಣ್ಣದಾಯಿತು. ತ್ರೀ ಫೇಸ್ ಇರುವ ಗಂಟೆಗಳು ಎಣಿಸಿದಷ್ಟೇ ಇರುವಲ್ಲಿ ಅದು ತೋಟದ ನೀರಿನ ನಷ್ಟ.

ಆಂಪಿಯರನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್ ಎಂದು ಕ್ಲ್ಯಾಂಪ್ ಮೀಟರ್ ಹಿಡಿದು ಲೆಕ್ಕ ಮಾಡುವವರು ಒಂದು ಕಡೆ ಮೋಸಹೋಗುತ್ತಾರೆ. ಕಾಯಿಲಿಗೆ ಅದು ಸರಿ. ಮೋಟಾರು ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಗುಣಲಬ್ಧ ನಿಜವಾದ ವ್ಯಾಟಿಗಿಂತ ಹೆಚ್ಚು ಬರುತ್ತದೆ. 9 ವ್ಯಾಟಿನ ಬಲ್ಬು 18ರಂತೆ ಕಾಣಬಹುದು. ನಿಜವಾದ ವ್ಯಾಟಿಗೂ ಈ ಗುಣಲಬ್ಧಕ್ಕೂ ಇರುವ ಅನುಪಾತವೇ ಪವರ್ ಫ್ಯಾಕ್ಟರ್. ಮನೆಯ ಬಿಲ್ಲು ನಿಜವಾದ ವ್ಯಾಟಿನ ಮೇಲೆ ನಡೆಯುವುದರಿಂದ, 'ಬಿಲ್ ಅರ್ಧ ಮಾಡುವ' ಪೆಟ್ಟಿಗೆ ಎಂದು ಮನೆಬಾಗಿಲಿಗೆ ಬರುವ ಕೆಪಾಸಿಟರ್ ಡಬ್ಬಿಗಳಿಂದ ಮನೆಯ ಬಿಲ್ಲು ಇಳಿಯುವುದಿಲ್ಲ. ದಯವಿಟ್ಟು ಕೊಳ್ಳಬೇಡಿ. ಅಂದಹಾಗೆ, ಗೃಹಜ್ಯೋತಿಯ 200ರ ಮಿತಿಯೂ ಯೂನಿಟ್ಟಿನದೇ. ಎರಡು ಕಿಲೋವ್ಯಾಟಿನ ಗೀಸರ್ ಇದೆಯೆಂಬ ಒಂದೇ ಕಾರಣಕ್ಕೆ ಅದು ದಾಟುವುದಿಲ್ಲ, ಎಷ್ಟು ಹೊತ್ತು ಹಾಕುತ್ತೀರಿ ಎಂಬುದರಿಂದ ದಾಟುತ್ತದೆ. ಬಿಲ್ಲಿನಲ್ಲಿ ಕಿಲೋವ್ಯಾಟ್ ಬರುವುದು ಮಂಜೂರಾದ ಲೋಡಿನ ಸಾಲಿನಲ್ಲಿ, ನಿಗದಿತ ಶುಲ್ಕ ಅದರ ಮೇಲೆ.

ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದೆ ಇರುವುದು ನಮ್ಮ ಕಡೆ ಹೊಸದಲ್ಲ. ಆಗ ಇನ್ವರ್ಟರಿನ ಬ್ಯಾಟರಿಯ ಮೇಲಿನ 150 ಆಂಪಿಯರ್ ಅವರ್ ಎಂಬುದನ್ನು ಯೂನಿಟ್ಟಿಗೆ ಇಳಿಸಿಕೊಳ್ಳಬೇಕು. 12 ವೋಲ್ಟಿನಿಂದ ಗುಣಿಸಿದರೆ 1.8 ಯೂನಿಟ್. ಆ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ ಎಳೆದರೆ ಸಿಗುವಂಥದ್ದು. ಬೇಗ ಎಳೆದರೆ ಅಷ್ಟು ಸಿಗುವುದಿಲ್ಲ, ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಹಾಳು, ಇನ್ವರ್ಟರು ತಾನೂ ಒಂದು ಪಾಲು ತಿನ್ನುತ್ತದೆ. ಕೈಗೆ ಸಿಗುವುದು ಒಂದು ಯೂನಿಟ್ಟಿನ ಆಸುಪಾಸು ಎಂದುಕೊಳ್ಳಿ. ಎರಡು ಬಲ್ಬು, ಒಂದು ಮೊಬೈಲ್ ಚಾರ್ಜರ್ ಸೇರಿ 30 ವ್ಯಾಟ್ ಆದರೆ ಮೂವತ್ತು ಗಂಟೆಯ ಹತ್ತಿರ. ಹಳೆಯ 75 ವ್ಯಾಟಿನ ಫ್ಯಾನೊಂದನ್ನು ಸೇರಿಸಿದರೆ ಹತ್ತು ಗಂಟೆಗೂ ಕಮ್ಮಿ.

ತೋಟದ ಮೇಲ್ಭಾಗದಲ್ಲಿ ಹಳ್ಳವಿರುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ, ಸಣ್ಣ ಟರ್ಬೈನು. ಸಾಮಾನು ಕೊಳ್ಳುವ ಮೊದಲು ಎರಡು ಅಳತೆ ಬೇಕು. ಹರಿವಿಗೆ ಹಳ್ಳಕ್ಕೆ ಮಣ್ಣಿನ ಚಿಕ್ಕ ಕಟ್ಟೆ ಹಾಕಿ, ಎಲ್ಲ ನೀರೂ ಒಂದು ಪೈಪಿನಿಂದ ಬರುವಂತೆ ಮಾಡಿ, 20 ಲೀಟರಿನ ಬಕೆಟ್ ಹಿಡಿಯಬೇಕು. ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಐದು ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಎತ್ತರಕ್ಕೆ ಮೇಲಿಂದ ಕೆಳಗಿನವರೆಗೆ ಪೈಪ್ ತುಂಬಿಸಿ, ಕೆಳಗಿನ ವಾಲ್ವ್ ಮುಚ್ಚಿ, ಪ್ರೆಷರ್ ಗೇಜ್ ನೋಡಿ. ಚದರ ಸೆಂಟಿಮೀಟರಿಗೆ ಒಂದು ಕೆಜಿ ಎಂದರೆ ಹತ್ತು ಮೀಟರ್ ಎತ್ತರ; ಮೂರು ತೋರಿಸಿದರೆ ಮೂವತ್ತು. ಹರಿವನ್ನು ಎತ್ತರದಿಂದ ಗುಣಿಸಿ, 9.81ರಿಂದ ಗುಣಿಸಿ, ಅರ್ಧ ಮಾಡಿದರೆ ಕೈಗೆ ಬರುವ ವ್ಯಾಟ್: ಸುಮಾರು 735. ಒಂದು ಇಸ್ತ್ರಿ ಪೆಟ್ಟಿಗೆಗೂ ಸಾಲದಷ್ಟು ಸಣ್ಣ ಸಾಮರ್ಥ್ಯ. ಆದರೆ ಹಳ್ಳ ರಾತ್ರಿಯೂ ಹರಿಯುತ್ತದೆ, ಜಡಿಮಳೆಯಲ್ಲೂ ಹರಿಯುತ್ತದೆ. ದಿನಕ್ಕೆ 17 ಯೂನಿಟ್ಟಿಗಿಂತ ಹೆಚ್ಚು, ತಿಂಗಳಿಗೆ ಐನೂರರ ಮೇಲೆ. ಎರಡು ಕಿಲೋವ್ಯಾಟಿನ ಸೋಲಾರು ಆಷಾಢದ ಮೋಡದಲ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಹೆಚ್ಚಿನ ಕಡೆ ಕೆಲಸ ಕೆಡುವುದು ಪೈಪಿನಲ್ಲಿ. ಸೆಕೆಂಡಿಗೆ ಐದು ಲೀಟರನ್ನು ಒಳವ್ಯಾಸ 50 ಮಿಲಿಮೀಟರಿನ 150 ಮೀಟರ್ ಪೈಪಿನಲ್ಲಿ ತಂದರೆ ಮೂವತ್ತು ಮೀಟರ್ ಎತ್ತರದಲ್ಲಿ ಸುಮಾರು ಹದಿನೆಂಟು ಮೀಟರ್ ತಿಕ್ಕಾಟಕ್ಕೇ ಹೋಗುತ್ತದೆ. 100 ಮಿಲಿಮೀಟರಿನದಾದರೆ ಒಂದು ಮೀಟರೂ ಹೋಗುವುದಿಲ್ಲ. ಗೇಜಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ವಾಲ್ವ್ ಮುಚ್ಚಿದಾಗ ಮೂರು ಇದ್ದದ್ದು ನೀರು ಬಿಟ್ಟಾಗ ಒಂದೂಕಾಲಿಗೆ ಇಳಿದರೆ ತಪ್ಪು ಟರ್ಬೈನಿನದಲ್ಲ. ಅಳತೆಯನ್ನು ಸೆಪ್ಟೆಂಬರಿನಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ಮಾಡಬೇಕು. ಆಗ ಅದೇ ಬಕೆಟ್ ತುಂಬಲು ಇಪ್ಪತ್ತು ಸೆಕೆಂಡು ಹಿಡಿದರೆ ಸೆಕೆಂಡಿಗೆ ಒಂದೇ ಲೀಟರ್, ಸುಮಾರು 147 ವ್ಯಾಟ್. ದಿನಕ್ಕೆ ಮೂರೂವರೆ ಯೂನಿಟ್, ಅದೂ ಆ ಹರಿವಿಗೆ ಹೊಂದುವ ಸಣ್ಣ ನಾಝಲ್ ಬದಲಿಸಿ ಹಾಕಿದರೆ.